ಹಳೆಯ ಟ್ರಾಕ್ಟರಿನ ಹಿಂಬದಿ ಜೋಡಣೆಯೂ ಗದ್ದೆಯ ಮಟ್ಟವೂ

ಹೊಸಪೇಟೆ, ಕಂಪ್ಲಿ ಭಾಗದ ಭತ್ತದ ಬೇಸಾಯದಲ್ಲಿ ನೀರು ಉಳಿಯುವುದೂ ಪೋಲಾಗುವುದೂ ಬಹುಮಟ್ಟಿಗೆ ಮಡಿಯ ಮಟ್ಟವನ್ನು ಅವಲಂಬಿಸಿದೆ. 1953ರಲ್ಲಿ 133 ಟಿ.ಎಂ.ಸಿ. ಸಾಮರ್ಥ್ಯವಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಮಡಿಯ ಒಂದು ಮೂಲೆ ನಾಲ್ಕು ಅಂಗುಲ ಎತ್ತರವಿದ್ದರೆ, ಅದು ಮುಳುಗುವವರೆಗೆ ನೀರು ಕಟ್ಟಬೇಕು. ಆಗ ತಗ್ಗಿನ ಸಸಿ ಕೊಳೆಯುತ್ತದೆ. ನೀರು ಕಡಿಮೆ ಮಾಡಿದರೆ ದಿಣ್ಣೆಯಲ್ಲಿ ಕಳೆ ಬೆಳೆಯುತ್ತದೆ, ಕಪ್ಪು ಮಣ್ಣಿನಲ್ಲಿ ಸವಳೂ ಮೇಲೇಳುತ್ತದೆ. ಕಾಲುವೆಯ ಕೊನೆಯಲ್ಲಿರುವ ರೈತನ ಪಾಲಿನ ನೀರು ಹೀಗೆ ಮೇಲಿನ ಗದ್ದೆಗಳಲ್ಲೇ ಮುಗಿದುಹೋಗುತ್ತದೆ.

ಹಳೆಯ ಟ್ರಾಕ್ಟರಿಗೆ ಬ್ಲೇಡ್ ಕಟ್ಟಿ ಎಷ್ಟು ಸಾರಿ ಓಡಿಸಿದರೂ ಹೊಲ ಅಲೆ ಅಲೆಯಾಗಿಯೇ ಉಳಿಯುತ್ತದೆಂದು ಅನೇಕ ರೈತರು ದೂರುತ್ತಾರೆ. ಇದಕ್ಕೆ ಚಾಲಕನನ್ನು ಬೈದು ಫಲವಿಲ್ಲ. ಕಾರಣವಿರುವುದು ಜೋಡಣೆಯ ಸ್ವಭಾವದಲ್ಲಿ.

ಎರಡು ಕೆಳತೋಳು, ಒಂದು ಮೇಲ್ತೋಳಿನ ಈ ಜೋಡಣೆಯನ್ನು ಹ್ಯಾರಿ ಫರ್ಗುಸನ್ ರೂಪಿಸಿದ್ದು ನೇಗಿಲಿಗಾಗಿ. ಮಣ್ಣು ಗಟ್ಟಿಯಾಗಿ ಎಳೆತ ಹೆಚ್ಚಿದರೆ ಮೇಲ್ತೋಳಿನ ಮೇಲೆ ಒತ್ತಡ ಬಿದ್ದು ಹೈಡ್ರಾಲಿಕ್ ತಾನಾಗಿ ನೇಗಿಲನ್ನು ಸ್ವಲ್ಪ ಎತ್ತುತ್ತದೆ. 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿ.ಇ. 20ರಲ್ಲಿ ಈ ಎಳೆತದ ನಿಯಂತ್ರಣ ಮಾತ್ರವಿತ್ತು. ಬ್ಲೇಡಿಗೆ ಇದು ತಿರುಗುಬಾಣ: ಗಟ್ಟಿ ದಿಣ್ಣೆ ಬಂದಾಗ ಬ್ಲೇಡ್ ಮೇಲೇಳುತ್ತದೆ, ಮೆತ್ತನೆಯ ತಗ್ಗಿನಲ್ಲಿ ಇನ್ನಷ್ಟು ಇಳಿಯುತ್ತದೆ. ಕಡಿಯಬೇಕಾದ ಜಾಗ ಹಾಗೆಯೇ ಉಳಿಯುತ್ತದೆ.

ಮುಂದೆ ಬಂದ ಮ್ಯಾಸಿ ಫರ್ಗುಸನ್ 35ರಲ್ಲಿ, ಅದರ ವಂಶದ ನಮ್ಮ 1035ರಲ್ಲಿ, ಎಳೆತದ ಹಿಡಿಕೆಯೊಡನೆ ಸ್ಥಾನ ನಿಯಂತ್ರಣದ ಹಿಡಿಕೆಯೂ ಇದೆ. ಬ್ಲೇಡ್ ಕಟ್ಟಿದಾಗ ಎರಡನೆಯದನ್ನೇ ಬಳಸಬೇಕು. ಆದರೆ ಅದು ಬ್ಲೇಡನ್ನು ಹಿಡಿದಿಡುವುದು ಟ್ರಾಕ್ಟರಿಗೆ ಹೋಲಿಸಿದ ಎತ್ತರದಲ್ಲಿಯೇ ಹೊರತು ನೆಲಕ್ಕೆ ಹೋಲಿಸಿದ ಎತ್ತರದಲ್ಲಿ ಅಲ್ಲ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 1.8 ಮೀಟರ್ ಅಂತರವಿದ್ದು, ಬ್ಲೇಡ್ ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿದೆ ಎನ್ನೋಣ. ಮುಂದಿನ ಚಕ್ರ 9 ಸೆಂ.ಮೀ. ದಿಣ್ಣೆ ಹತ್ತಿದಾಗ ಬ್ಲೇಡ್ 6 ಸೆಂ.ಮೀ. ಕೆಳಗಿಳಿದು ಗುಂಡಿ ತೋಡುತ್ತದೆ. ಹಿಂದಿನ ಚಕ್ರ ಅದೇ ದಿಣ್ಣೆ ಹತ್ತಿದಾಗ 15 ಸೆಂ.ಮೀ. ಮೇಲೆದ್ದು ತಂದ ಮಣ್ಣನ್ನೆಲ್ಲ ದಿಣ್ಣೆಗೆ ಮುಂಚೆಯೇ ಸುರಿದುಬಿಡುತ್ತದೆ. ಅಲೆಗಳ ಹುಟ್ಟು ಇಲ್ಲಿದೆ.

ಆದ್ದರಿಂದ ಒಂದೇ ದಿಕ್ಕಿನಲ್ಲಿ ಓಡಿಸದೆ, ಮೊದಲು ಕಲ್ಟಿವೇಟರಿನಿಂದ ಮಣ್ಣು ಸಡಿಲಿಸಿ, ಕೆಳಗಿನ ಗೇರಿನಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ತೆಳುವಾಗಿ ಕೆರೆಯುವುದು ಲೇಸು. ಹೈಡ್ರಾಲಿಕ್ ಬ್ಲೇಡನ್ನು ಎತ್ತಬಲ್ಲದೇ ಹೊರತು ಕೆಳಕ್ಕೆ ಒತ್ತಲಾರದು. ಒಣಗಿದ ಎರೆಮಣ್ಣಿನ ಮೇಲೆ ಬ್ಲೇಡ್ ಸುಮ್ಮನೆ ಜಾರುತ್ತದೆ. ಮೇಲ್ತೋಳನ್ನು ಉದ್ದ ಮಾಡಿದರೆ ಬ್ಲೇಡಿನ ಅಂಚು ಮುಂದಕ್ಕೆ ಚಾಚಿ ಹೆಚ್ಚು ಕತ್ತರಿಸುತ್ತದೆ. ಗಿಡ್ಡ ಮಾಡಿದರೆ ಮಣ್ಣನ್ನು ಹರಡುತ್ತದೆ. ಮುಗಿಸುವಾಗ ನಮ್ಮ ಹಳೆಯ ಉದ್ದನೆಯ ಕೊರಡೇ ಮೇಲು. ಟ್ರಾಕ್ಟರಿನ ತೂಗಾಟ ಅದಕ್ಕೆ ತಟ್ಟುವುದಿಲ್ಲ. ಇಂದಿನ ಲೇಸರ್ ಲೆವೆಲರ್ ತನ್ನದೇ ಚಕ್ರಗಳ ಮೇಲೆ ಹಿಂದೆ ಉರುಳುವುದೂ ಇದೇ ಕಾರಣಕ್ಕೆ.

ಸಂಡೂರಿನ ಇಳಿಜಾರಿನ ಕೆಂಪು ನೆಲದ ಮಾತು ಬೇರೆ. ಅಲ್ಲಿ ಮೇಲ್ಮಣ್ಣು ತೆಳು. ಮಟ್ಟದ ಆಸೆಗೆ ಅದನ್ನು ಕೆರೆದರೆ ಗೊರಚೇ ಉಳಿದೀತು. ಸಮಪಾತಳಿ ಬದು ಹಾಕಿ, ಬದುಗಳ ನಡುವೆ ಮಾತ್ರ ಅಲ್ಪಸ್ವಲ್ಪ ಸರಿಪಡಿಸಿದರೆ ಸಾಕು. ಹಂಪಿಯ ಸುತ್ತ, ತುರ್ತು ಕಾಲುವೆಯ ಬಾಳೆತೋಟಗಳ ಬಳಿ, ನೆಲ ಆಳವಾಗಿ ಕಡಿಯುವ ಮುನ್ನ ಸ್ಮಾರಕ ರಕ್ಷಣೆಯ ನಿಯಮಗಳನ್ನು ವಿಚಾರಿಸಿಕೊಳ್ಳಿ.

ಹಳೆಯ ಯಂತ್ರದಲ್ಲಿ ಸವೆತವನ್ನೂ ನೋಡಬೇಕು. ಕೆಳತೋಳಿನ ತುದಿಯ ಗುಂಡುಗಳು ಸವೆದಿದ್ದರೆ ಬ್ಲೇಡ್ ಅದುರುತ್ತದೆ. ಪಕ್ಕದ ಸರಪಳಿಗಳು ಸಡಿಲವಾದರೆ ಓಲಾಡುತ್ತದೆ. ಬಲತೋಳಿನ ಮಟ್ಟದ ತಿರುಪು ಸರಿಯಿಲ್ಲದಿದ್ದರೆ ಒಂದು ಮಗ್ಗುಲು ಆಳವಾಗುತ್ತದೆ. ಬ್ಲೇಡ್ ಎತ್ತಿ ಎಂಜಿನ್ ನಿಲ್ಲಿಸಿ. ಬೇಗನೆ ಇಳಿದರೆ ಹೈಡ್ರಾಲಿಕ್ ಸೋರುತ್ತಿದೆ ಎಂದರ್ಥ. ಎತ್ತಿದ ಬ್ಲೇಡಿನ ಕೆಳಗೆ ಯಾರೂ ಹೋಗಕೂಡದು. ಕೊರಡಿನ ಸರಪಳಿಯನ್ನು ಮೇಲ್ತೋಳಿನ ಕೊಂಡಿಗೆ ಎಂದೂ ಕಟ್ಟಬೇಡಿ. ಕೊರಡು ಬದುವಿಗೆ ಸಿಕ್ಕಿಕೊಂಡ ಕ್ಷಣದಲ್ಲಿ ಟ್ರಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳಬಹುದು. ಕೆಳಗಿನ ಎಳೆಪಟ್ಟಿಗೇ ಕಟ್ಟಿ.