ಕಹಿಗೂ ಒಂದು ತಕ್ಕಡಿ

ಬೇವುಬೆಲ್ಲ ತಿಂದು ಹೊಸ ವರ್ಷವನ್ನು ಬರಮಾಡಿಕೊಳ್ಳುವ ನಮಗೆ ಕಹಿಯ ಬೆಲೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಾಗಲಕಾಯಿಯ ಗೊಜ್ಜಿಗೆ ಬೆಲ್ಲವೂ ಹುಣಿಸೆಯೂ ಹದವಾಗಿ ಬಿದ್ದಾಗ ಕಹಿಯೇ ಹೇಗೆ ರುಚಿಯಾಗಿ ಪರಿಣಮಿಸುವುದೆಂಬುದನ್ನು ನಮ್ಮ ಅಡುಗೆಮನೆಗಳು ತಲೆತಲಾಂತರದಿಂದ ಬಲ್ಲವು. ಆದರೆ ಕಹಿಯನ್ನೇ ಹೆಸರಾಗಿಟ್ಟುಕೊಂಡ ಪಾನೀಯವೊಂದನ್ನು ಮೇಜಿನ ಮೇಲಿಟ್ಟು, ಶಾಲೆಯ ಉತ್ತರಪತ್ರಿಕೆ ತಿದ್ದುವಂತೆ ಅದಕ್ಕೆ ಅಂಕಗಳನ್ನು ಹಾಕುವುದನ್ನು ನಾನು ಕಂಡದ್ದು ಇಂಗ್ಲೆಂಡಿನಲ್ಲಿ.

ಉದ್ಯೋಗನಿಮಿತ್ತವಾಗಿ ಆ ದೇಶದ ನಡುನಾಡಿನ ಸಣ್ಣ ಊರೊಂದರಲ್ಲಿ ನಾನು ಇದ್ದ ಕಾಲ. ಪಕ್ಕದ ಮನೆಯವರು ಒಂದು ದಿನ ಬಂದು, ಮನೆಯಲ್ಲಿ ಬಿಯರು ತಯಾರಿಸುವ ಹವ್ಯಾಸಿಗಳ ಸ್ಪರ್ಧೆಗೆ ಸಹಾಯಕನಾಗಿ ಬರಬೇಕೆಂದು ಕೇಳಿದರು.

“ನಾನು ಕುಡಿಯುವವನಲ್ಲವಲ್ಲ!” ಎಂದೆ.

“ಅದಕ್ಕೇ ನೀವು ಬೇಕು. ಸಂಜೆಯವರೆಗೂ ಸೀಸೆಗಳ ಸಂಖ್ಯೆಯನ್ನು ತಪ್ಪದೆ ಓದಬಲ್ಲವರೊಬ್ಬರು ನಮಗೆ ಇರಲಿ” ಎಂದು ಅವರು ನಕ್ಕರು.

ಮದ್ಯಪಾನದ ಗುಣಗಾನ ಈ ಲೇಖನದ ಉದ್ದೇಶವಲ್ಲವೆಂದು ಓದುಗರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಅಂದು ಒಂದು ಗುಟುಕನ್ನೂ ಕುಡಿಯಲಿಲ್ಲ. ಆದರೂ ಅಲ್ಲಿ ಮಾಡಿದ ಒಂದು ತಪ್ಪಿನಿಂದ ಕಲಿತ ಪಾಠ ಇಂದಿಗೂ ನನ್ನೊಡನಿದೆ.

ಬಿಟರ್ ಎಂದರೇನು?

ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡುವ ಪದ್ಧತಿ ನಮ್ಮಲ್ಲಿದೆಯಷ್ಟೆ. ಅದೇ ರೀತಿ ಜವೆಗೋಧಿಯನ್ನು ಮೊಳೆಯಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದ ಸಿಹಿಯಾದ ರಸಕ್ಕೆ ಹಾಪ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸುತ್ತಾರೆ. ಕಹಿ ಬರುವುದು ಈ ಹೂವಿನಿಂದ. ಆರಿದ ರಸಕ್ಕೆ ಯೀಸ್ಟ್ ಬೆರೆಸಿದರೆ ಇಡ್ಲಿಯ ಹಿಟ್ಟಿನಂತೆ ಅದು ಹುದುಗೇಳುತ್ತದೆ. ಸಕ್ಕರೆಯ ಅಂಶ ಮದ್ಯಸಾರವಾಗಿಯೂ ಅನಿಲವಾಗಿಯೂ ಮಾರ್ಪಡುತ್ತದೆ. ಬೆಚ್ಚನೆಯ ಹವೆಯಲ್ಲಿ ಹುದುಗಿಸಿದ ಬಿಯರಿಗೆ ಏಲ್ ಎಂದು ಹೆಸರು. ಇಂಗ್ಲಿಷರ ಬಿಟರ್ ಈ ಏಲ್ ಜಾತಿಗೆ ಸೇರಿದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಪೇಲ್ ಏಲ್ ಎಂಬ ತಿಳಿಬಣ್ಣದ ಪಾನೀಯವನ್ನೇ ಗಿರಾಕಿಗಳು ಬಾಯಿಮಾತಿನಲ್ಲಿ ‘ಬಿಟರ್’ ಎಂದು ಕರೆಯತೊಡಗಿದರು. ಅದರ ತವರೆಂದು ಪ್ರಸಿದ್ಧವಾದ ಊರು ಟ್ರೆಂಟ್ ನದಿಯ ದಡದ ಬರ್ಟನ್. ಅಲ್ಲಿಯ ಬಾವಿಗಳ ನೀರಿನಲ್ಲಿ ಜಿಪ್ಸಂ ಹೇರಳವಾಗಿದೆ. ಆ ನೀರಿನಲ್ಲಿ ಹಾಪಿನ ಕಹಿ ಜಿಗುಟಿಲ್ಲದೆ, ಚೊಕ್ಕಟವಾಗಿ ನಾಲಿಗೆಗೆ ತಾಗುತ್ತದೆ. ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಂ ಬೆರೆಸಿಕೊಳ್ಳುವ ಕ್ರಮಕ್ಕೂ ಬರ್ಟನ್ನಿನ ಹೆಸರೇ ಅಂಟಿಕೊಂಡಿದೆ. ಕಂಪೆನಿ ಸರ್ಕಾರದ ಕಾಲದಲ್ಲಿ ಪೀಪಾಯಿಗಳಲ್ಲಿ ತುಂಬಿ ನಮ್ಮ ದೇಶಕ್ಕೆ ಹಡಗೇರಿ ಬರುತ್ತಿದ್ದ ‘ಇಂಡಿಯಾ ಪೇಲ್ ಏಲ್’ ಇದರ ದಾಯಾದಿಯೇ. ಬರ್ಟನ್ನಿನ ಬಾಸ್ ಸಂಸ್ಥೆಯ ಕೆಂಪು ತ್ರಿಕೋನವೇ 1876ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ವ್ಯಾಪಾರಮುದ್ರೆ.

ಹೆಸರು ಕಹಿಯಾದರೂ ಇದು ಉಗ್ರವಾದ ಪಾನೀಯವಲ್ಲ. ಸಾಧಾರಣ ಬಿಟರಿನಲ್ಲಿ ಮದ್ಯಸಾರ ಶೇಕಡಾ 3.2ರಿಂದ 3.8ರವರೆಗೆ, ಬೆಸ್ಟ್ ಬಿಟರಿನಲ್ಲಿ 3.8ರಿಂದ 4.6. ಇಂಗ್ಲಿಷರ ಬಿಯರು ಬೆಚ್ಚಗಿರುತ್ತದೆಂದು ಪರದೇಶದವರು ಹಾಸ್ಯ ಮಾಡುವುದುಂಟು. ಅದೂ ಪೂರ್ತಿ ನಿಜವಲ್ಲ. ನೆಲಮಾಳಿಗೆಯ ತಂಪು, ಎಂದರೆ 11ರಿಂದ 13 ಡಿಗ್ರಿ ಸೆಂಟಿಗ್ರೇಡಿನಷ್ಟು ಶೈತ್ಯ, ಇದಕ್ಕೆ ಒಪ್ಪುವ ಹದ. ಅದಕ್ಕಿಂತ ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಾನು ಅಂದು ಇಡಲಿಲ್ಲ.

ಪೀಪಾಯಿಯ ಪ್ರಾಣ

ಸಾಂಪ್ರದಾಯಿಕ ಬಿಟರ್ ಸತ್ತ ಪದಾರ್ಥವಲ್ಲ. ಪೀಪಾಯಿಗೆ ಇಳಿಸಿದ ಮೇಲೂ ಅದರೊಳಗಣ ಯೀಸ್ಟ್ ಬದುಕಿದ್ದು ಎರಡನೆಯ ಸಲ ಹುದುಗುತ್ತದೆ. ಗಸಿಯನ್ನು ತಳಕ್ಕಿಳಿಸಲು ಹಿಂದಿನಿಂದಲೂ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುತ್ತ ಬಂದಿದ್ದಾರೆ. ಈ ಸಂಗತಿ ತಿಳಿದಾಗ ನನ್ನ ಸಸ್ಯಾಹಾರಿ ಮನಸ್ಸು ಸ್ವಲ್ಪ ಬೆಚ್ಚಿತು. ಒಂಬತ್ತು ಗ್ಯಾಲನ್, ಎಂದರೆ ಸುಮಾರು 41 ಲೀಟರು ಹಿಡಿಯುವ ಪೀಪಾಯಿಗೆ ಫರ್ಕಿನ್ ಎನ್ನುತ್ತಾರೆ. ಒಮ್ಮೆ ತೆರೆದರೆ ಗಾಳಿಯಾಡಿ ರುಚಿ ಕೆಡತೊಡಗುತ್ತದೆ. ಮೂರು ದಿನಗಳೊಳಗೆ ಅದು ಖರ್ಚಾಗಬೇಕು.

ಇಷ್ಟು ಆರೈಕೆ ಬೇಡುವ ವಸ್ತು ದೊಡ್ಡ ವ್ಯಾಪಾರಕ್ಕೆ ಒಗ್ಗುವುದು ಕಷ್ಟ. 1960ರ ದಶಕದಲ್ಲಿ ದೊಡ್ಡ ಕಂಪೆನಿಗಳು ಊರೂರಿನ ಸಣ್ಣ ತಯಾರಕರನ್ನು ಕೊಂಡುಕೊಂಡು, ಸೋಸಿ, ಕಾಯಿಸಿ, ಯೀಸ್ಟನ್ನು ಅಳಿಸಿ, ಹೊರಗಿನಿಂದ ಅನಿಲ ತುಂಬಿದ ‘ಕೆಗ್’ ಬಿಯರನ್ನು ಎಲ್ಲೆಡೆಗೂ ಹರಡಿದವು. ಕೆಡುವ ಭಯವಿಲ್ಲ, ನೋಡಿಕೊಳ್ಳುವ ತೊಂದರೆಯಿಲ್ಲ. ಎಲ್ಲಿ ಕುಡಿದರೂ ಒಂದೇ ರುಚಿ. ಊರಿಗೊಂದು ರುಚಿಯೆಂಬುದು ಅಳಿಯುವ ಕಾಲ ಬಂದಿತ್ತು.

1971ರಲ್ಲಿ ಐರ್ಲೆಂಡಿಗೆ ಪ್ರವಾಸ ಹೋಗಿದ್ದ ನಾಲ್ವರು ಇಂಗ್ಲಿಷ್ ತರುಣರು ಇದರ ವಿರುದ್ಧ ಒಂದು ಚಳವಳಿಯನ್ನು ಹುಟ್ಟುಹಾಕಿದರು. ‘ಕ್ಯಾಂಪೇನ್ ಫಾರ್ ರಿಯಲ್ ಏಲ್’ ಎಂಬ ಹೆಸರನ್ನು ಅದು 1973ರಲ್ಲಿ ಪಡೆಯಿತು. 1978ರಿಂದ ಬ್ರಿಟನ್ನಿನ ಶ್ರೇಷ್ಠ ಬಿಯರನ್ನು ಆರಿಸುವ ಪರಿಪಾಠ ಆರಂಭವಾಯಿತು. ಯಾರ್ಕ್‌ಷೈರಿನ ಟಿಮೊಥಿ ಟೇಲರ್ ಸಂಸ್ಥೆಯ ‘ಲ್ಯಾಂಡ್‌ಲಾರ್ಡ್’ ಎಂಬ ಬಿಟರ್ 1982, 1983, 1994 ಮತ್ತು 1999ರಲ್ಲಿ, ಹೀಗೆ ನಾಲ್ಕು ಬಾರಿ ಆ ಗೌರವವನ್ನು ಪಡೆದಿದೆ. 2002ರಲ್ಲಿ ಸಣ್ಣ ತಯಾರಕರಿಗೆ ಸರ್ಕಾರ ಸುಂಕದಲ್ಲಿ ರಿಯಾಯಿತಿ ಕೊಟ್ಟ ಮೇಲೆ ಕೈಕಸುಬಿನ ಬಿಯರುಮನೆಗಳು ಊರೂರಲ್ಲಿ ತಲೆಯೆತ್ತಿದವು. ಮನೆಯಲ್ಲಿ ಬಿಯರು ತಯಾರಿಸಲು ಪರವಾನಗಿ ಬೇಕೆಂಬ ಕಟ್ಟಳೆಯಂತೂ 1963ರಲ್ಲಿಯೇ ರದ್ದಾಗಿತ್ತು. ನಾನು ಸೀಸೆ ಹೊತ್ತ ಸ್ಪರ್ಧೆಗೆ ಬೀಜ ಬಿದ್ದದ್ದು ಆಗಲೇ ಎನ್ನಬಹುದು.

ಐವತ್ತು ಅಂಕಗಳ ಪರೀಕ್ಷೆ

ಸ್ಪರ್ಧೆ ನಡೆದದ್ದು ಊರಿನ ಸಭಾಭವನದಲ್ಲಿ. ಸೀಸೆಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಮೇಜಿಗೆ ಇಬ್ಬರು ತೀರ್ಪುಗಾರರು. ಸೆಂಟು, ಲಿಪ್‌ಸ್ಟಿಕ್ಕು ಹಚ್ಚಿಕೊಂಡು ಬರುವಂತಿಲ್ಲ. ನಡುನಡುವೆ ನಾಲಿಗೆಯನ್ನು ತೊಳೆದುಕೊಳ್ಳಲು ನೀರು ಮತ್ತು ಸಪ್ಪೆ ಬ್ರೆಡ್ಡು. ಅಂಕ ಹಾಕಿ ಮುಗಿಸುವವರೆಗೆ ಪರಸ್ಪರ ಮಾತನಾಡಬಾರದು, ಮುಖಭಾವವನ್ನೂ ತೋರಬಾರದು.

ಅಮೆರಿಕದಲ್ಲಿ 1985ರಲ್ಲಿ ಆರಂಭವಾದ ‘ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ’ ಎಂಬ ಸಂಸ್ಥೆಯ ಕ್ರಮವನ್ನು ಅಲ್ಲಿ ಅನುಸರಿಸುತ್ತಿದ್ದರು. ಒಟ್ಟು 50 ಅಂಕಗಳು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ಅದು ಕುಳಿತುಕೊಳ್ಳುವ ರೀತಿಗೆ 5, ಒಟ್ಟು ಅಭಿಪ್ರಾಯಕ್ಕೆ 10. ಮೂಗಿನ ಕೆಲಸವೇ ಮೊದಲು. ಕೆಲವು ಗಂಧಗಳು ಲೋಟಕ್ಕೆ ಬಿದ್ದ ಅರೆಗಳಿಗೆಯಲ್ಲಿ ಹಾರಿಹೋಗುತ್ತವೆ. ಬಳಿಕ ಬೆಳಕಿಗೆ ಹಿಡಿದು ಬಣ್ಣವನ್ನೂ ತಿಳಿಯನ್ನೂ ನೋಡಬೇಕು. ಆಮೇಲೆಯೇ ಗುಟುಕು. ಕಾಫಿಯ ರುಚಿ ನೋಡುವ ತಜ್ಞರು ಗುಟುಕನ್ನು ಉಗುಳಿಬಿಡುತ್ತಾರಷ್ಟೆ. ಇಲ್ಲಿ ಸ್ವಲ್ಪವಾದರೂ ನುಂಗಬೇಕು. ಗಂಟಲಿನಿಂದಿಳಿದ ಮೇಲೆ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಮರೆಯಾಗುತ್ತದೆ ಎಂಬುದರ ಮೇಲೆ ಬಿಟರಿನ ಯೋಗ್ಯತೆ ನಿಂತಿದೆ.

ದೋಷಗಳ ಪಟ್ಟಿಯನ್ನು ಓದಿ ನನಗೆ ಆಶ್ಚರ್ಯವಾಯಿತು. ಬೆಣ್ಣೆಯ ವಾಸನೆ ಬಂದರೆ ಯೀಸ್ಟ್ ತನ್ನ ಕೆಲಸವನ್ನು ಪೂರ್ತಿ ಮುಗಿಸಿಲ್ಲ. ಎಳೆಯ ಸೇಬಿನ ವಾಸನೆಯಿದ್ದರೆ ಪಾನೀಯ ಇನ್ನೂ ಪಕ್ವವಾಗಿಲ್ಲ. ಮಳೆಗೆ ನೆನೆದ ರಟ್ಟಿನ ವಾಸನೆಯಾದರೆ ಗಾಳಿ ಹೊಕ್ಕಿದೆ ಅಥವಾ ಹಳಸಿದೆ. ಇವೆಲ್ಲ ಇಲ್ಲದೆ ಮಾಲ್ಟಿನ ಬಿಸ್ಕತ್ತಿನಂಥ ಸಿಹಿ, ಹಾಪಿನ ಮಣ್ಣುಗಂಧ ಅಥವಾ ಹೂಗಂಧ, ಯೀಸ್ಟಿನಿಂದ ಬಂದ ಹಣ್ಣಿನ ಛಾಯೆ, ಇವು ಮೂರೂ ಕಹಿಯ ಜೊತೆಗೆ ಸಮತೂಕವಾಗಿ ನಿಂತರೆ ಅದು ಒಳ್ಳೆಯ ಬಿಟರ್.

ಹದಿನೇಳನೆಯ ಸೀಸೆ

ನಾನು ನೋಡಿಕೊಳ್ಳುತ್ತಿದ್ದ ಮೇಜಿನಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯಿನಿ. ಇನ್ನೊಬ್ಬರು ಹಾಪು ಜೋರಾಗಿರುವ ಹೊಸ ಮಾದರಿಯ ಏಲುಗಳನ್ನು ಮೆಚ್ಚುವ ತರುಣ. ಎಂಟು ಬಿಟರುಗಳ ಸರದಿ. ಅವನ್ನು ಶೀತಪೆಟ್ಟಿಗೆಯಿಂದ ಮುಂಚೆಯೇ ಹೊರಗಿಡಬೇಕೆಂದು ನನಗೆ ಕೊಟ್ಟಿದ್ದ ಚೀಟಿಯಲ್ಲಿ ಬರೆದಿತ್ತು. ಏಳನ್ನು ಇಟ್ಟಿದ್ದೆ. ಹದಿನೇಳನೆಯ ಸಂಖ್ಯೆಯದು ಪೆಟ್ಟಿಗೆಯ ಮೂಲೆಯಲ್ಲಿ ಉಳಿದುಬಿಟ್ಟಿತ್ತು. ಕೊನೆಯ ಗಳಿಗೆಯಲ್ಲಿ ಕಂಡೆ. ಸೀಸೆಯ ಮೈ ಒರಸಿ ಏನೂ ಆಗದವನಂತೆ ತಂದಿಟ್ಟೆ.

ತರುಣ ಕೂಡಲೆ ಮೂಸಿ, ಗುಟುಕರಿಸಿ, ಬರೆದ. ಉಪಾಧ್ಯಾಯಿನಿಯವರು ಲೋಟವನ್ನು ಎರಡು ಅಂಗೈಗಳ ನಡುವೆ ಬಹಳ ಹೊತ್ತು ಹಿಡಿದಿದ್ದು ಆಮೇಲೆ ಮೂಸಿದರು. ಹಾಳೆಗಳನ್ನು ತಿರುಗಿಸಿದಾಗ ಅವರದು 36, ಅವನದು 25. ಇಬ್ಬರ ಅಂಕಗಳಲ್ಲಿ ಏಳಕ್ಕಿಂತ ಹೆಚ್ಚು ಅಂತರವಿರಬಾರದೆಂಬುದು ನಿಯಮ.

“ಇದರಲ್ಲಿ ಹೇಳಿಕೊಳ್ಳುವಂಥದು ಏನೂ ಇಲ್ಲ. ಪರಿಮಳವೇ ಇಲ್ಲ” ಎಂದ ತರುಣ.

“ಕೂಗಿ ಹೇಳಿಕೊಳ್ಳುವುದು ಬಿಟರಿನ ಸ್ವಭಾವವಲ್ಲ. ಸಂಜೆಯೆಲ್ಲ ಗೆಳೆಯರೊಡನೆ ಮಾತನಾಡುತ್ತ ಕುಳಿತಾಗ ಮಾತಿಗೆ ಅಡ್ಡ ಬಾರದ ಪಾನೀಯ ಇದು. ನೀವು ಬೇರೊಂದು ಜಾತಿಯ ಅಳತೆಗೋಲಿನಿಂದ ಇದನ್ನು ಅಳೆಯುತ್ತಿದ್ದೀರಿ” ಎಂದು ಅವರು ಉತ್ತರಕೊಟ್ಟರು. ಸ್ವಲ್ಪ ಯೋಚಿಸಿ, “ಆದರೆ ಪರಿಮಳದ ವಿಷಯದಲ್ಲಿ ನೀವು ಸುಳ್ಳು ಹೇಳುತ್ತಿಲ್ಲ. ಲೋಟ ನನ್ನ ಕೈಗೆ ಬಂದಾಗ ತೀರ ತಣ್ಣಗಿತ್ತು” ಎಂದು ನನ್ನ ಕಡೆ ನೋಡಿದರು.

ನನಗೆ ನೆಲ ಬಿರಿದಂತಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಬ್ಬರೂ ನಡುವೆ ಎಲ್ಲಿಯೋ ಒಪ್ಪಿಕೊಂಡು ಮುಂದೆ ಸಾಗುತ್ತಿದ್ದರು. ಆದರೆ ಯಾರೋ ಒಬ್ಬರು ವಾರಗಟ್ಟಲೆ ಕಾದು ಮಾಡಿದ ಕೆಲಸ ನನ್ನ ಅಲಕ್ಷ್ಯದಿಂದ ಸೋಲುವುದಲ್ಲ ಎನಿಸಿತು. ನಡೆದುದನ್ನು ಹೇಳಿದೆ.

ಯಾರೂ ಗದರಲಿಲ್ಲ. ಸೀಸೆಯಲ್ಲಿ ಉಳಿದುದನ್ನು ಹತ್ತು ನಿಮಿಷ ಹೊರಗಿಟ್ಟು ಮತ್ತೆ ಬಗ್ಗಿಸಿದರು. ತರುಣ ಈ ಸಲ ಮೂಗನ್ನು ಲೋಟದಿಂದ ಬೇಗ ತೆಗೆಯಲಿಲ್ಲ. ಪರಿಮಳಕ್ಕೆ ಹಾಕಿದ್ದ 4ನ್ನು ಹೊಡೆದು 8 ಎಂದು ಬರೆದ. ರುಚಿಯ ಅಂಕವೂ ಏರಿ ಒಟ್ಟು 33 ಆಯಿತು. ಸ್ವಾರಸ್ಯವೆಂದರೆ ಉಪಾಧ್ಯಾಯಿನಿಯವರ ಅಂಕ ಇಳಿಯಿತು! ಬೆಚ್ಚಗಾದಂತೆ ಬೆಣ್ಣೆಯ ಎಳೆಯೊಂದು ಅವರಿಗೆ ಸಿಕ್ಕಿತ್ತು. “ತಣ್ಣಗಿದ್ದಾಗ ಗುಣವೂ ಅಡಗಿತ್ತು, ದೋಷವೂ ಅಡಗಿತ್ತು” ಎಂದು ಎರಡು ಅಂಕ ಕಳೆದು 34 ಎಂದು ತಿದ್ದಿದರು. ಹಾಳೆಯ ಕೆಳಗೆ ದೋಷದ ಕಾರಣವನ್ನೂ ಸರಿಪಡಿಸುವ ಬಗೆಯನ್ನೂ ಸ್ಪಷ್ಟವಾಗಿ ಬರೆದರು.

ಹದಿನೇಳನೆಯ ಸೀಸೆಗೆ ಮೊದಲ ಸ್ಥಾನ ದೊರೆಯಲಿಲ್ಲ, ಎರಡನೆಯದು ದೊರೆಯಿತು. ಅದರ ಒಡೆಯ ಒಬ್ಬ ಬಸ್ಸಿನ ಚಾಲಕ. ಬಹುಮಾನದ ಪಟ್ಟಿಯನ್ನು ಅತ್ತ ಸರಿಸಿ, ಆತ ಅಂಕದ ಹಾಳೆಯನ್ನು ಎರಡು ಸಲ ಓದಿದ. “ಬೆಣ್ಣೆಯೆ? ನಿಜ. ಯೀಸ್ಟಿನಿಂದ ಎರಡು ದಿನ ಮೊದಲೇ ಬೇರ್ಪಡಿಸಿಬಿಟ್ಟೆ. ರಜಾ ಮುಗಿದಿತ್ತು” ಎಂದು ತನಗೆ ತಾನೇ ಹೇಳಿಕೊಂಡ.

ನಾನು ಹತ್ತಿರ ಹೋಗಿ ನನ್ನ ತಪ್ಪನ್ನು ಅವನೆದುರಿಗೂ ಒಪ್ಪಿಕೊಂಡೆ. ಆತ ನಕ್ಕು ಹೇಳಿದ: “ನೀವು ಸುಮ್ಮನಿದ್ದಿದ್ದರೆ ಪರಿಮಳ ಸಾಲದೆಂದು ಈ ಹಾಳೆಯಲ್ಲಿ ಬರೆದಿರುತ್ತಿತ್ತು. ಅದನ್ನು ನಂಬಿ ಮುಂದಿನ ಸಲ ಇಮ್ಮಡಿ ಹಾಪು ಸುರಿಯುತ್ತಿದ್ದೆ. ಬಹುಮಾನ ಹೋದರೆ ಹೋಗಲಿ, ಬಿಟರೇ ಹಾಳಾಗುತ್ತಿತ್ತಲ್ಲ!”

ತೀರ್ಪು ತಪ್ಪಾದರೆ ಒಬ್ಬನಿಗೆ ಬಹುಮಾನ ತಪ್ಪುವುದಷ್ಟೇ ಎಂದು ನಾನು ತಿಳಿದಿದ್ದೆ. ಅದನ್ನು ನಂಬಿ ಅವನು ತನ್ನ ಕೈಯ ಹದವನ್ನೇ ಬದಲಾಯಿಸಿಕೊಂಡಾನು ಎಂಬುದು ನನಗೆ ಹೊಳೆದಿರಲಿಲ್ಲ. ಈಗ ಬೆಂಗಳೂರಿನಲ್ಲಿಯೂ ಕೈಕಸುಬಿನ ಬಿಯರುಮನೆಗಳು ಬಂದಿವೆ. ನಾನು ಅವುಗಳ ಗಿರಾಕಿಯಲ್ಲ. ಆದರೆ ಮನೆಯಲ್ಲಿ ಹಾಗಲಕಾಯಿಯ ಗೊಜ್ಜು ಬಡಿಸಿ ಹೇಗಿದೆಯೆಂದು ಕೇಳಿದಾಗ, ಬಿಸಿ ಸ್ವಲ್ಪ ಆರುವವರೆಗೆ ಕಾದು, ಎರಡನೆಯ ತುತ್ತು ತಿಂದ ಮೇಲೆಯೇ ನಾನು ಬಾಯಿ ಬಿಡುತ್ತೇನೆ.