ಮಾತ್ರೆ ತಪ್ಪಬಾರದು, ಗುಟ್ಟೂ ಒಡೆಯಬಾರದು

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಬಸ್ಸು, ರೈಲುಗಳು ನಿಂತವು. ರಸ್ತೆಯ ತಿರುವಿನಲ್ಲಿ ಪೊಲೀಸರು ತಡೆದು ‘ಎಲ್ಲಿಗೆ?’ ಎಂದು ಕೇಳಿದರೆ ಸಕ್ಕರೆ ಕಾಯಿಲೆಯವರು ವೈದ್ಯರ ಚೀಟಿ ತೋರಿಸಬಹುದಿತ್ತು. ಎಚ್‌ಐವಿ ಸೋಂಕಿತರ ಕೈಯಲ್ಲೂ ಚಿಕಿತ್ಸೆಯ ಪುಸ್ತಕವಿತ್ತು. ಆದರೆ ಊರಿನವರು ಪಕ್ಕದಲ್ಲೇ ನಿಂತಿರುವಾಗ ಅದನ್ನು ಹೊರತೆಗೆಯುವುದು ಹೇಗೆ?

ಈ ಸಂಕಟ ಅರ್ಥವಾಗಬೇಕಾದರೆ ಎ.ಆರ್.ಟಿ. ಚಿಕಿತ್ಸೆಯ ಕುರಿತು ಸ್ವಲ್ಪ ತಿಳಿದಿರಬೇಕು. ಈ ಮಾತ್ರೆಗಳು ವೈರಸ್ಸನ್ನು ದೇಹದಿಂದ ಪೂರ್ತಿ ಹೊರಹಾಕುವುದಿಲ್ಲ, ಅದು ಹೆಚ್ಚದಂತೆ ತಡೆಯುತ್ತವೆ. ಆದ್ದರಿಂದ ದಿನವೂ, ಜೀವನಪರ್ಯಂತ ಸೇವಿಸಬೇಕು. ಹೀಗೆ ಸೇವಿಸಿ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದವರಿಂದ ದಾಂಪತ್ಯ ಸಂಬಂಧದ ಮೂಲಕ ಬಾಳಸಂಗಾತಿಗೆ ಸೋಂಕು ಹರಡುವುದಿಲ್ಲ. ನಡುವೆ ನಿಲ್ಲಿಸಿದರೆ ವೈರಸ್ ಮತ್ತೆ ತಲೆಯೆತ್ತುತ್ತದೆ. ಕೆಲವೊಮ್ಮೆ ಹಳೆಯ ಔಷಧಕ್ಕೆ ಅದು ಬಗ್ಗದಂತೆಯೂ ಆಗುತ್ತದೆ.

ಭಾರತದಲ್ಲಿ ಸರಕಾರ 2004ರ ಏಪ್ರಿಲ್‌ನಿಂದ ಈ ಔಷಧವನ್ನು ಉಚಿತವಾಗಿ ನೀಡುತ್ತಿದೆ. ಆದರೂ ಪರಿಚಿತರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ ಊರಿಗೆ ಹೋಗುವವರಿದ್ದಾರೆ. ಬಸ್ಸು ನಿಂತಾಗ ಹೆಚ್ಚು ಕಷ್ಟಪಟ್ಟವರು ಅವರೇ. ಇನ್ನೊಂದೆಡೆ, ಎ.ಆರ್.ಟಿ. ಕೇಂದ್ರಗಳಿದ್ದ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಕೋವಿಡ್ ರೋಗಿಗಳಿಗೂ ಚಿಕಿತ್ಸೆ ನಡೆಯುತ್ತಿತ್ತು. ಅಲ್ಲಿನ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲಲೂ ಭಯ, ನಿಲ್ಲದಿದ್ದರೆ ಮಾತ್ರೆಯಿಲ್ಲ.

ಇದು ಸಣ್ಣ ತೊಂದರೆಯಾಗಿರಲಿಲ್ಲ. ಆರು ತಿಂಗಳು ಚಿಕಿತ್ಸೆ ಅಸ್ತವ್ಯಸ್ತವಾದರೆ ಸಹಾರಾದ ದಕ್ಷಿಣದ ಆಫ್ರಿಕಾ ದೇಶಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಹೆಚ್ಚುವರಿಯಾಗಿ ಸಾಯಬಹುದೆಂಬ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುಎನ್ ಏಡ್ಸ್ 2020ರ ಮೇ ತಿಂಗಳಲ್ಲಿ ಮುಂದಿಟ್ಟವು.

ಆಗ ನಮ್ಮ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ದಾರಿ ಬದಲಿಸಿತು. ತಿಂಗಳ ಬದಲು ಮೂರು ತಿಂಗಳವರೆಗಿನ ಮಾತ್ರೆಯನ್ನು ಒಮ್ಮೆಗೇ ಕೊಡಲು, ಬೇರೆ ಊರಿನಲ್ಲಿ ಸಿಕ್ಕಿಕೊಂಡವರಿಗೆ ಹತ್ತಿರದ ಕೇಂದ್ರದಲ್ಲೇ ಒದಗಿಸಲು ಸೂಚಿಸಿತು. ಸ್ವಯಂಸೇವಕರು ಮಾತ್ರೆಗಳನ್ನು ಮನೆಗಳ ಸಮೀಪಕ್ಕೆ ತಲುಪಿಸಿದರು. ಅವರಲ್ಲಿ ಸ್ವತಃ ಸೋಂಕಿನೊಂದಿಗೆ ಬದುಕುತ್ತಿರುವವರೂ ಇದ್ದರು.

ಆರೋಗ್ಯ ಸ್ಥಿರವಾಗಿರುವವರು ತಿಂಗಳಿಗೊಮ್ಮೆ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಬೇಕಾಗಿಲ್ಲ ಎಂಬುದನ್ನು ಆ ದಿನಗಳು ಕಲಿಸಿದವು. ಕಾಲಕಾಲಕ್ಕೆ ತಪಾಸಣೆ ಮತ್ತು ರಕ್ತಪರೀಕ್ಷೆ ಮಾತ್ರ ತಪ್ಪಬಾರದು.

ಆದರೆ ಮಾತ್ರೆ ಬಾಗಿಲಿಗೆ ಬಂದರೂ ‘ಬಂದವರು ಯಾರು, ತಂದದ್ದೇನು?’ ಎಂದು ನೆರೆಮನೆಯವರು ಕೇಳಿದರೆ ಏನು ಹೇಳುವುದು? 2018ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಆದರೆ ಪಿಸುಮಾತನ್ನು ಕಾನೂನೊಂದೇ ತಡೆಯಲಾರದು. ನಮ್ಮ ಕಿವಿಗೆ ಬಿದ್ದ ಇನ್ನೊಬ್ಬರ ಕಾಯಿಲೆ ನಮ್ಮ ಬಳಿ ಇರುವ ಅಮಾನತು. ಅದನ್ನು ಕಾಪಾಡಿದರೆ ಅವರಿಗೆ ಮಾತ್ರೆಗಾಗಿ ದೂರದ ಊರಿಗೆ ಹೋಗುವ ಅಗತ್ಯವೇ ಬೀಳದು.