ಕ್ಯಾಮೆರಾ ಕಂಡ ಲಿಂಬೆ ಎಲ್ಲಿ ಹೋಯಿತು?

ಇಂಡಿಯ ಲಿಂಬೆಯ ಹೆಸರನ್ನು ಕೇಳದವರು ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇರಲಾರರು. ೨೦೨೩ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿತು. ಆದರೆ ಕೊಳೆತದ್ದನ್ನು, ಎಳೆಯದನ್ನು ಆರಿಸಿ ತೆಗೆಯುವ ಕೆಲಸ ಹಳ್ಳಿಗಳಲ್ಲಿ ಇಂದಿಗೂ ಬಹುಮಟ್ಟಿಗೆ ಕಣ್ಣು ಕೈಗಳಿಂದಲೇ ನಡೆಯುತ್ತಿದೆ. ಈ ಕೆಲಸವನ್ನು ಯಂತ್ರಕ್ಕೆ ಕಲಿಸಬೇಕೆಂದು ನನ್ನ ವಿದ್ಯಾರ್ಥಿಗಳು ನಾಲ್ವರು ಹೊರಟರು. ಒಬ್ಬ ಇಂಡಿಯ ರೈತನ ಮಗ, ಇಬ್ಬರು ಸಿಂದಗಿಯವರು, ಇನ್ನೊಬ್ಬಳು ಮುದ್ದೇಬಿಹಾಳದವಳು. ನಾನು ಭೌತಶಾಸ್ತ್ರದ ಅಧ್ಯಾಪಕನಾದುದರಿಂದ ಕ್ಯಾಮೆರಾದ ವಿಷಯವೆಲ್ಲ ನನಗೆ ತಿಳಿದಿರಲೇಬೇಕೆಂದು ಅವರು ನಂಬಿದ್ದರು!

ಅವರ ಯಂತ್ರ ಸರಳವಾದುದು. ಒಂದು ರಬ್ಬರಿನ ಪಟ್ಟಿ ಸೆಕೆಂಡಿಗೆ ೨೦ ಸೆಂಟಿಮೀಟರಿನಂತೆ ಚಲಿಸುತ್ತದೆ. ಅದರ ಮೇಲೆ ಹಣ್ಣುಗಳು ಸಾಲಾಗಿ ಸಾಗುತ್ತವೆ. ಮೇಲೆ ತೂಗುಹಾಕಿದ ಹಳೆಯ ಮೊಬೈಲಿನ ಕ್ಯಾಮೆರಾ ವೈಫೈ ಮೂಲಕ ಗಣಕಯಂತ್ರಕ್ಕೆ ಚಿತ್ರಗಳನ್ನು ಕಳುಹಿಸುತ್ತದೆ. ಗಣಕಯಂತ್ರ ಹಣ್ಣನ್ನು ಪರೀಕ್ಷಿಸಿ, ಕೆಟ್ಟದ್ದಾದರೆ ಮುಂದಿರುವ ಒಂದು ಚಿಕ್ಕ ಹಲಗೆಯಿಂದ ಅದನ್ನು ಪಕ್ಕಕ್ಕೆ ತಳ್ಳಿಸುತ್ತದೆ. ಪ್ರೋಗ್ರಾಮು ಬರೆಯಲು ಅವರು ಬಳಸಿದ್ದು ‘ಓಪನ್‌ಸಿವಿ’ ಎಂಬ ಸಾಧನವನ್ನು. ೧೯೯೯ರಲ್ಲಿ ಇಂಟೆಲ್ ಕಂಪನಿಯಲ್ಲಿ ಪ್ರಾರಂಭವಾದ ಇದು ಇಂದು ಯಾರಿಗಾದರೂ ಉಚಿತವಾಗಿ ದೊರಕುತ್ತದೆ.

ಮೊದಮೊದಲು ಕಂಡ ತೊಂದರೆಗಳು ನಗು ತರಿಸುವಂಥವು. ಒಂದು ದಿನ ಹಳದಿ ಹಣ್ಣುಗಳೆಲ್ಲ ತಿಳಿನೀಲಿಯಾಗಿ ಕಂಡವು. ಹಳದಿಯೆಂದರೆ ಕೆಂಪು ಹಸಿರುಗಳ ಕೂಟ. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ. ಚಿತ್ರವನ್ನು ತೋರಿಸುತ್ತಿದ್ದ ಇನ್ನೊಂದು ಪ್ರೋಗ್ರಾಮು ಕೆಂಪು, ಹಸಿರು, ನೀಲಿ ಎಂದು ಓದಿಕೊಂಡಿತು. ಕೆಂಪಿನ ಸ್ಥಾನಕ್ಕೆ ನೀಲಿ ಬಂದು ಕುಳಿತಿತು. ಮತ್ತೊಂದು ದಿನ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ತೇಲತೊಡಗಿದವು. ನಮ್ಮ ವಿದ್ಯುತ್ ಪ್ರವಾಹ ಸೆಕೆಂಡಿಗೆ ೫೦ ಆವರ್ತದ್ದು. ಆದುದರಿಂದ ದೀಪದ ಬೆಳಕು ಸೆಕೆಂಡಿಗೆ ೧೦೦ ಸಲ ಏರಿಳಿಯುತ್ತದೆ. ಕ್ಯಾಮೆರಾವನ್ನು ೬೦ ಆವರ್ತದ ದೇಶಗಳಿಗೆ ಹೊಂದಿಸಲಾಗಿತ್ತು. ಅದನ್ನು ೫೦ಕ್ಕೆ ತಿರುಗಿಸಿದೊಡನೆ ಪಟ್ಟೆಗಳು ಮಾಯವಾದವು.

ನಿಜವಾದ ಪೇಚು ಬಂದದ್ದು ಇಂಡಿಯ ಹುಡುಗನ ತಂದೆಯವರು ಒಂದು ಬುಟ್ಟಿ ಹಣ್ಣು ತಂದು ಪಟ್ಟಿಯ ಮೇಲೆ ಸುರಿದ ದಿನ. ಅಲ್ಲಿಯವರೆಗೆ ಯಂತ್ರದ ತೀರ್ಮಾನವನ್ನು ತೆಗೆದಿಟ್ಟ ಚಿತ್ರಗಳ ಮೇಲೆ ಮಾತ್ರ ಪರೀಕ್ಷಿಸಿದ್ದರು, ಒಂದೂ ತಪ್ಪಿರಲಿಲ್ಲ. ಅಂದು ಮಾತ್ರ ಹಲಗೆ ಮನಬಂದಂತೆ ಬಡಿಯತೊಡಗಿತು. ಅವರು ಸ್ವಲ್ಪ ಹೊತ್ತು ನೋಡಿ, “ಸರ, ಇದು ಛಲೋ ಹಣ್ಣು ಹೊರಗ ಒಗ್ಯಾಕತ್ತೈತಿ, ಕೊಳತದ್ದು ಒಳಗ ಬಿಡಾಕತ್ತೈತಿ. ನಮ್ಮ ಮನ್ಯಾಗಿನ ಹೆಣ್ಮಕ್ಳು ಇದಕಿಂತ ಛಲೋ ಆರಸ್ತಾರ್ರಿ” ಎಂದು ಬುಟ್ಟಿಯನ್ನೆತ್ತಿಕೊಂಡು ಹೊರಟರು.

ಹುಡುಗರು ಒಂದು ವಾರ ಯಂತ್ರದ ‘ಬುದ್ಧಿ’ಯನ್ನು ತಿದ್ದಿದರು, ಇನ್ನಷ್ಟು ಹಣ್ಣುಗಳ ಚಿತ್ರಗಳನ್ನು ಅದಕ್ಕೆ ಕಲಿಸಿದರು. ಫಲವೇನೂ ದೊರಕಲಿಲ್ಲ. ತೆಗೆದಿಟ್ಟ ಚಿತ್ರದಲ್ಲಿ ತಪ್ಪದ ಯಂತ್ರ ಚಲಿಸುವ ಹಣ್ಣಿನಲ್ಲಿ ತಪ್ಪುವುದಾದರೆ ದೋಷ ಕಣ್ಣಿನಲ್ಲಿರಲಾರದು, ಕಾಲದಲ್ಲಿರಬೇಕು ಎಂದು ನನಗೆ ತೋರಿತು. ಅಳೆದು ನೋಡುವುದು ಸುಲಭ. ಓದುಗರೂ ಮನೆಯಲ್ಲಿ ಇದನ್ನು ಮಾಡಬಹುದು. ಓಡುತ್ತಿರುವ ಒಂದು ಸ್ಟಾಪ್‌ವಾಚನ್ನು ಕ್ಯಾಮೆರಾದ ಮುಂದಿಡಿ. ಆ ಗಡಿಯಾರವೂ ಗಣಕಯಂತ್ರದ ಪರದೆಯೂ ಒಟ್ಟಿಗೆ ಕಾಣುವಂತೆ ಬೇರೊಂದು ಮೊಬೈಲಿನಿಂದ ಫೋಟೋ ತೆಗೆಯಿರಿ. ಗಡಿಯಾರದ ಅಂಕಿಗೂ ಪರದೆಯ ಮೇಲಿನ ಅಂಕಿಗೂ ಇರುವ ಅಂತರವೇ ವಿಳಂಬ. ಪ್ರಾರಂಭದಲ್ಲಿ ನಮಗೆ ದೊರಕಿದ್ದು ಅರ್ಧ ಸೆಕೆಂಡು. ಒಂದು ನಿಮಿಷ ಬಿಟ್ಟು ಮತ್ತೆ ಅಳೆದಾಗ ಅದು ೩೬ ಸೆಕೆಂಡುಗಳನ್ನು ದಾಟಿತ್ತು!

ಇದಕ್ಕೆ ಕಾರಣವೇನು? ಕ್ಯಾಮೆರಾ ಸೆಕೆಂಡಿಗೆ ೩೦ ಚಿತ್ರಗಳನ್ನು ಕಳುಹಿಸುತ್ತಿತ್ತು. ಬರಿದೇ ತೋರಿಸುವಾಗ ಗಣಕಯಂತ್ರ ಅಷ್ಟನ್ನೂ ನಿಭಾಯಿಸುತ್ತಿತ್ತು. ಹಣ್ಣನ್ನು ಪರೀಕ್ಷಿಸುವ ಕೆಲಸ ಸೇರಿದಾಗ ಸೆಕೆಂಡಿಗೆ ೧೨ ಮಾತ್ರ ಸಾಧ್ಯವಾಯಿತು. ಉಳಿದ ೧೮ ಚಿತ್ರಗಳು ಎಲ್ಲಿ ಹೋಗಬೇಕು? ಅವು ‘ಬಫರ್’ ಎಂಬ ತಾತ್ಕಾಲಿಕ ಉಗ್ರಾಣದಲ್ಲಿ ಸರದಿಗಾಗಿ ಕಾಯುತ್ತವೆ. ಒಂದು ನಿಮಿಷದಲ್ಲಿ ಬಂದ ಚಿತ್ರಗಳು ೧,೮೦೦, ಪರೀಕ್ಷಿತವಾದವು ೭೨೦. ಆ ೭೨೦ನೆಯ ಚಿತ್ರ ತೆಗೆಯಲ್ಪಟ್ಟದ್ದು ೨೪ನೆಯ ಸೆಕೆಂಡಿನಲ್ಲಿ. ಯಂತ್ರ ನೋಡುತ್ತಿದ್ದದ್ದು ಆಗಲೇ ಪಟ್ಟಿಯಿಂದಿಳಿದು ಬುಟ್ಟಿ ಸೇರಿದ್ದ ಲಿಂಬೆಯನ್ನು.

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿರುವ ಆಲಮಟ್ಟಿಯನ್ನು ನೆನೆಯಿರಿ. ಮಳೆಗಾಲದಲ್ಲಿ ಅಲ್ಲಿನ ಒಳಹರಿವು, ಹೊರಹರಿವುಗಳ ಲೆಕ್ಕವನ್ನು ನಾವು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ಒಳಹರಿವು ಹೆಚ್ಚಾದರೆ ನೀರಿನ ಮಟ್ಟ ಏರುತ್ತದೆ. ಇಲ್ಲಿಯೂ ಅದೇ ಆಯಿತು. ಆದರೆ ಹೊಲಕ್ಕೆ ಹಳೆಯ ನೀರೂ ಹೊಸ ನೀರೂ ಒಂದೇ. ಹಲಗೆಗೆ ಹಳೆಯ ಚಿತ್ರ ಬೇಡ. ಆದುದರಿಂದ ಕಾಯುತ್ತಿರುವ ಚಿತ್ರಗಳನ್ನು ನಿರ್ದಾಕ್ಷಿಣ್ಯವಾಗಿ ಎಸೆಯಬೇಕು. ಪ್ರೋಗ್ರಾಮನ್ನು ಎರಡು ಭಾಗ ಮಾಡಿದೆವು. ಒಂದು ಭಾಗ ಬಂದ ಚಿತ್ರಗಳನ್ನು ತೆಗೆದುಕೊಳ್ಳುತ್ತ ಕೊನೆಯದೊಂದನ್ನೇ ಇಟ್ಟುಕೊಳ್ಳುತ್ತದೆ. ಇನ್ನೊಂದು ತನಗೆ ಬಿಡುವಾದಾಗ ಆ ಒಂದನ್ನು ಪರೀಕ್ಷಿಸುತ್ತದೆ. ಮೂವತ್ತರಲ್ಲಿ ಹದಿನೆಂಟನ್ನು ಎಸೆದರೆ ಹಣ್ಣು ಕಣ್ತಪ್ಪಿಸಿಕೊಳ್ಳುವುದಿಲ್ಲವೆ ಎಂದು ಮುದ್ದೇಬಿಹಾಳದ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಎರಡು ನೋಟಗಳ ನಡುವೆ ಪಟ್ಟಿ ಸರಿಯುವುದು ಸುಮಾರು ೧.೭ ಸೆಂಟಿಮೀಟರು, ಹಣ್ಣಿನ ಅಗಲ ನಾಲ್ಕು. ಪ್ರತಿಯೊಂದು ಹಣ್ಣೂ ಎರಡು ಸಲವಾದರೂ ಕಂಡೇ ಕಾಣುತ್ತದೆ.

ಬೆಳೆಯುವ ವಿಳಂಬ ಹೋಯಿತು. ಅರ್ಧ ಸೆಕೆಂಡಿನದು ಉಳಿಯಿತು. ಚಿತ್ರವನ್ನು ಸಂಕ್ಷೇಪಿಸಿ, ಗಾಳಿಯಲ್ಲಿ ಕಳುಹಿಸಿ, ಮತ್ತೆ ಬಿಡಿಸಲು ತಗಲುವ ಕಾಲ ಅದು. ಅಷ್ಟರಲ್ಲಿ ಹಣ್ಣು ೧೦ ಸೆಂಟಿಮೀಟರು ಮುಂದೆ ಹೋಗಿರುತ್ತದೆ. ವಿಳಂಬ ಸ್ಥಿರವಾಗಿದ್ದರೆ ಹಲಗೆಯನ್ನು ಅಷ್ಟು ಮುಂದಿಟ್ಟರೆ ಸಾಕು. ವೈಫೈಯಲ್ಲಿ ಅದು ಗಳಿಗೆಗೊಂದು ಬಗೆ. ಆದಕಾರಣ ತಂತಿಯ ಕ್ಯಾಮೆರಾ ಹಾಕಿಸಿದೆವು. ವಿಳಂಬ ಬಹಳ ಇಳಿಯಿತು, ಸ್ಥಿರವೂ ಆಯಿತು.

ತಂತಿಯೊಡನೆ ಇನ್ನೊಂದು ದೋಷ ಬಂತು. ಅದು ಸಡಿಲವಾದಾಗ ಚಿತ್ರ ಬರುವುದು ನಿಂತರೂ ಪ್ರೋಗ್ರಾಮು ಕೊನೆಯ ಚಿತ್ರವನ್ನೇ ಪರೀಕ್ಷಿಸುತ್ತಿತ್ತು. ಆ ಚಿತ್ರದಲ್ಲಿ ಕೊಳೆತ ಹಣ್ಣಿದ್ದರೆ ಹಲಗೆ ಬಡಿಯುತ್ತಲೇ ಇರುತ್ತಿತ್ತು. ಚಿತ್ರ ಕೇಳಿದಾಗ ಓಪನ್‌ಸಿವಿ ಎರಡು ಉತ್ತರ ಕೊಡುತ್ತದೆ: ಚಿತ್ರ ದೊರಕಿತೇ ಇಲ್ಲವೇ ಎಂಬುದು ಒಂದು, ಚಿತ್ರ ಇನ್ನೊಂದು. ನಮ್ಮ ಹುಡುಗರು ಮೊದಲನೆಯದನ್ನು ಓದಿಯೇ ಇರಲಿಲ್ಲ. ಈಗ ಪ್ರತಿ ಚಿತ್ರಕ್ಕೂ ಕ್ರಮಸಂಖ್ಯೆಯನ್ನು ಕೊಟ್ಟಿದ್ದಾರೆ. ಅರ್ಧ ಸೆಕೆಂಡು ಆ ಸಂಖ್ಯೆ ಮುಂದುವರಿಯದಿದ್ದರೆ ಪಟ್ಟಿಯೇ ನಿಲ್ಲುತ್ತದೆ.

ತಂದೆಯವರು ಎರಡನೆಯ ಸಲ ಬುಟ್ಟಿ ತಂದಾಗ ಪಟ್ಟಿ ನಡುವೆ ಒಮ್ಮೆ ನಿಂತಿತು. ತಂತಿಯನ್ನು ಒತ್ತಿದ ಮೇಲೆ ಉಳಿದ ಹಣ್ಣುಗಳೂ ಸಾಗಿದವು.